ಕುಡಿತವೂ ಇದೆ, ಮನಸ್ಸಿನ ಕಾಯಿಲೆಯೂ ಇದೆ: ಆಸ್ಪತ್ರೆಯ ಮೊದಲ ಹತ್ತು ದಿನ

ಕುಡಿತ ನಿಲ್ಲಿಸಿದ ಮೂರನೆಯ ರಾತ್ರಿ ಆಸ್ಪತ್ರೆಗೆ ಓಡಿಬರುವ ಮನೆಯವರ ಮಾತು ಹೆಚ್ಚುಕಡಿಮೆ ಒಂದೇ ಇರುತ್ತದೆ. ‘ಎರಡು ದಿನ ಚೆನ್ನಾಗೇ ಇದ್ರು, ಕೈ ನಡುಗ್ತಿತ್ತು ಅಷ್ಟೆ. ಇವತ್ತು ಗೋಡೆ ಮೇಲೆ ಹುಳ ಹರೀತಿದೆ ಅಂತಾರೆ, ನನ್ನ ಗುರುತೇ ಹಿಡೀತಿಲ್ಲ.’ ಹಳ್ಳಿಯಾದರೆ ಅಷ್ಟು ಹೊತ್ತಿಗೆ ಯಾರೋ ಗಾಳಿ ಸೋಕಿದೆ ಎಂದಿರುತ್ತಾರೆ, ತಾಯಿತ ಕಟ್ಟಿಸಿಯೂ ಆಗಿರುತ್ತದೆ. ಪೇಟೆಯಾದರೆ ಪಕ್ಕದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿರುತ್ತಾರೆ. ಇದು ಗಾಳಿಯೂ ಅಲ್ಲ, ಬರೀ ಸುಸ್ತೂ ಅಲ್ಲ. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಸರಿಯಾದ ಔಷಧ ಇಲ್ಲದ ಕಾಲದಲ್ಲಿ ಇದು ಮೂವರಲ್ಲಿ ಒಬ್ಬರ ಜೀವವನ್ನೇ ತೆಗೆಯುತ್ತಿತ್ತು. ಈಗ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಬಹುತೇಕ ಎಲ್ಲರೂ ಉಳಿಯುತ್ತಾರೆ.

ಈಗ ಇದಕ್ಕೆ ಇನ್ನೊಂದು ಸಂಗತಿ ಸೇರಿಸಿಕೊಳ್ಳಿ. ಆ ಮನುಷ್ಯ ವರ್ಷಗಳಿಂದ ಬೈಪೋಲಾರ್ ಕಾಯಿಲೆಗೆ ಲಿಥಿಯಂ ನುಂಗುತ್ತಿದ್ದಾನೆ. ಅಥವಾ ಅವನಿಗೆ ಸ್ಕಿಜೋಫ್ರೇನಿಯಾ ಇದೆ, ಕುಡಿಯದ ದಿನವೂ ಕಿವಿಯಲ್ಲಿ ಯಾರೋ ಬೈಯುತ್ತಲೇ ಇರುತ್ತಾರೆ. ಈ ರಾತ್ರಿ ಕಾಣುತ್ತಿರುವುದು ಯಾವ ಕಾಯಿಲೆಯ ಲಕ್ಷಣ? ಯಾವ ಮಾತ್ರೆ ಮೊದಲು ಕೊಡಬೇಕು, ಯಾವುದನ್ನು ತಡೆಹಿಡಿಯಬೇಕು? ಎರಡು ಕಾಯಿಲೆ ಹೀಗೆ ಜೊತೆಗೂಡುವುದು ಅಪರೂಪವೇನಲ್ಲ. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ಸ್ಕಿಜೋಫ್ರೇನಿಯಾ ಇದ್ದವರಲ್ಲಿ ಶೇ 47ರಷ್ಟು ಜನರಿಗೆ ಜೀವನದ ಯಾವುದೋ ಘಟ್ಟದಲ್ಲಿ ಮದ್ಯ ಅಥವಾ ಮಾದಕವಸ್ತುವಿನ ಸಮಸ್ಯೆಯೂ ಇತ್ತು. ತೀವ್ರ ಸ್ವರೂಪದ ಬೈಪೋಲಾರ್ ಇದ್ದವರಲ್ಲಿ ಆ ಪ್ರಮಾಣ ಶೇ 60 ದಾಟಿತ್ತು. ನಮ್ಮಲ್ಲಿ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಕುಡಿತದ ಕಾಯಿಲೆ ಇರುವವರಲ್ಲಿ ಶೇ 86ರಷ್ಟು ಜನ ಚಿಕಿತ್ಸೆಯ ಹೊರಗೇ ಉಳಿದಿದ್ದಾರೆ ಎಂದು ಹೇಳಿತು.

‘ಅಡ್ಮಿಟ್ ಮಾಡ್ಕೊಂಡು ರಕ್ತ ಕ್ಲೀನ್ ಮಾಡ್ತಾರೆ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ರಕ್ತದಲ್ಲಿರುವ ಮದ್ಯವನ್ನು ಲಿವರ್ ತಾನೇ ಒಂದು ದಿನದ ಆಸುಪಾಸಿನಲ್ಲಿ ಕರಗಿಸುತ್ತದೆ, ಅದಕ್ಕೆ ಆಸ್ಪತ್ರೆ ಬೇಕಿಲ್ಲ. ತೊಂದರೆ ಶುರುವಾಗುವುದು ಅದು ಖಾಲಿಯಾಗುತ್ತಾ ಬಂದಾಗ. ಮದ್ಯವು ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕದ ತಣಿಸುವ ಕೆಲಸವನ್ನು ಹೆಚ್ಚಿಸುತ್ತದೆ, ಗ್ಲುಟಮೇಟ್‌ನ ಕೆರಳಿಸುವ ಕೆಲಸವನ್ನು ತಗ್ಗಿಸುತ್ತದೆ. ದಿನವೂ ಹೀಗೆ ಒಂದೇ ಕಡೆಗೆ ಎಳೆದರೆ ಮಿದುಳು ಸುಮ್ಮನಿರುವುದಿಲ್ಲ. ಹಗ್ಗಜಗ್ಗಾಟದ ಎದುರು ತಂಡದ ಹಾಗೆ ತಾನೂ ಅಷ್ಟೇ ಬಲದಿಂದ ಇನ್ನೊಂದು ಕಡೆಗೆ ಎಳೆಯಲು ಒಗ್ಗಿಕೊಳ್ಳುತ್ತದೆ. ಕುಡಿತ ಥಟ್ಟನೆ ನಿಂತರೆ ಒಂದು ತಂಡ ಹಗ್ಗ ಬಿಟ್ಟಂತಾಗಿ, ಮಿದುಳು ಕೆರಳಿಕೆಯ ಕಡೆಗೆ ಮುಗ್ಗರಿಸಿ ಬೀಳುತ್ತದೆ. ಆ ಹೊತ್ತಿನಲ್ಲಿ ಮಿದುಳನ್ನು ಮೆಲ್ಲಗೆ ಹಿಡಿದು ನಿಲ್ಲಿಸುವುದಷ್ಟೇ ಡೀಟಾಕ್ಸ್ ಚಿಕಿತ್ಸೆಯ ಕೆಲಸ.

ಕೊನೆಯ ಗುಟುಕಿನ ನಂತರ 6ರಿಂದ 8 ಗಂಟೆಗೆ ಕೈ ನಡುಕ, ಬೆವರು, ವಾಕರಿಕೆ, ಎದೆಬಡಿತ ಶುರುವಾಗುತ್ತವೆ. ಬೆಳಿಗ್ಗೆ ಒಂದು ನೈಂಟಿ ಹಾಕದೆ ಹಲ್ಲುಜ್ಜುವ ಬ್ರಷ್ ಹಿಡಿಯಲೂ ಆಗದು ಎನ್ನುವವರು ದಿನಾ ಈ ಹಂತವನ್ನು ಮುಟ್ಟಿ ವಾಪಸ್ ಬರುತ್ತಿರುತ್ತಾರೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ ಬರುತ್ತದೆ. ಡೆಲಿರಿಯಂ 48ರಿಂದ 96 ಗಂಟೆಯ ನಡುವೆ. ಮೂರನೆಯ ರಾತ್ರಿಯ ಓಟಕ್ಕೆ ಕಾರಣ ಇದೇ. ಹಿಂದೊಮ್ಮೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಈ ಸಲ ಬರುವ ಸಾಧ್ಯತೆ ಇನ್ನೂ ಹೆಚ್ಚು, ಏಕೆಂದರೆ ಒಂದೊಂದು ಸಲ ನಿಲ್ಲಿಸಿ ಮತ್ತೆ ಶುರು ಮಾಡಿದಾಗಲೂ ಮಿದುಳಿನ ಕೆರಳಿಕೆ ಹೆಚ್ಚುತ್ತಾ ಹೋಗುತ್ತದೆ. ‘ಹೋದ ಸಲ ಮನೆಯಲ್ಲೇ ಬಿಟ್ಟಿದ್ದ, ಏನೂ ಆಗಲಿಲ್ಲ’ ಎಂಬ ಧೈರ್ಯವನ್ನು ಈ ಸಲ ನಂಬಿ ಕೂರುವಂತಿಲ್ಲ.

ಥಟ್ಟನೆ ನಿಂತರೆ ಏನಾಗುತ್ತದೆ ಎಂಬುದನ್ನು ಇಡೀ ನಾಡು 2020ರಲ್ಲಿ ಕಂಡಿತು. ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ಮುಚ್ಚಿದವು. ಕರ್ನಾಟಕದಲ್ಲಿ ಅವು ಮತ್ತೆ ತೆರೆದದ್ದು ಮೇ 4ರಂದು. ಆ ಮೊದಲ ದಿನಗಳಲ್ಲಿ ಫಿಟ್ಸ್, ಡೆಲಿರಿಯಂ ಆಗಿ ಆಸ್ಪತ್ರೆ ಸೇರಿದವರ ಸಂಖ್ಯೆ ಏರಿತು, ಆತ್ಮಹತ್ಯೆಗಳ ಸುದ್ದಿಯೂ ಬಂತು. ಕೇರಳ ಸರ್ಕಾರ ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡಲು ಆದೇಶಿಸಿದಾಗ ವೈದ್ಯರೇ ವಿರೋಧಿಸಿದರು, ಏಪ್ರಿಲ್ ಆರಂಭದಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಹಠಾತ್ತನೆ ನಿಂತ ಕುಡಿತಕ್ಕೆ ಮದ್ದು ಮತ್ತಷ್ಟು ಮದ್ಯವಲ್ಲ, ಅದಕ್ಕೆಂದೇ ಪರೀಕ್ಷೆಗೆ ಒಳಪಟ್ಟ ಔಷಧಗಳಿವೆ ಎಂಬುದು ವೈದ್ಯರ ವಾದವಾಗಿತ್ತು. ಆ ವಾದ ಸರಿಯಾಗಿತ್ತು.

ಆಸ್ಪತ್ರೆಗೆ ಹೋದ ಮೊದಲ ಗಂಟೆಯಲ್ಲಿ ಪ್ರಶ್ನೆಗಳು ಸುರಿಯುತ್ತವೆ. ಎಷ್ಟು ಕುಡಿಯುತ್ತಾರೆ, ಕೊನೆಯದಾಗಿ ಎಷ್ಟು ಹೊತ್ತಿಗೆ ಕುಡಿದರು? ಇಲ್ಲಿ ನಾಚಿಕೆಯಿಂದ ಅರ್ಧಕ್ಕಿಳಿಸಿ ಹೇಳಿದರೆ ಔಷಧದ ಲೆಕ್ಕವೇ ತಪ್ಪುತ್ತದೆ. ಒಂದು ಕ್ವಾರ್ಟರ್ ವಿಸ್ಕಿ ಅಂದರೆ 180 ಮಿಲಿಲೀಟರ್, ಅದರಲ್ಲಿ ಶುದ್ಧ ಮದ್ಯಸಾರ ಸುಮಾರು 60 ಗ್ರಾಂ. ದಿನಕ್ಕೆ ಎರಡು ಕ್ವಾರ್ಟರ್ ಕುಡಿಯುವವರಿಗೂ ಸಂಜೆಗೆ ಒಂದು ನೈಂಟಿ ಹಾಕುವವರಿಗೂ ಒಂದೇ ಚೀಟಿ ಬರೆಯಲಾಗದು. ಹೆಂಗಸರ ವಿಷಯದಲ್ಲಿ ಈ ಮುಚ್ಚಿಡುವಿಕೆ ಇನ್ನೂ ಹೆಚ್ಚು. ಥೈರಾಯ್ಡ್, ಬಿಪಿ ಎಂದು ತಿಂಗಳುಗಟ್ಟಲೆ ತಿರುಗಿಸಿ, ಫಿಟ್ಸ್ ಬಂದ ದಿನ ಮನೆಯವರು ನಿಜ ಹೇಳುತ್ತಾರೆ.

ಮನಸ್ಸಿನ ಕಾಯಿಲೆಗೆ ನುಂಗುವ ಮಾತ್ರೆಗಳ ಸ್ಟ್ರಿಪ್ಪುಗಳನ್ನು, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ‘ಬಿಳಿ ಮಾತ್ರೆ, ಸಣ್ಣದು’ ಎಂಬ ವರ್ಣನೆಯಿಂದ ಯಾರಿಗೂ ಉಪಯೋಗವಿಲ್ಲ. ರಕ್ತದಲ್ಲಿ ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಲಿವರ್ ಮತ್ತು ಕಿಡ್ನಿಯ ಸ್ಥಿತಿ ನೋಡುತ್ತಾರೆ. ಇಸಿಜಿ ಮಾಡುತ್ತಾರೆ, ಏಕೆಂದರೆ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದಿರುವಾಗ ಕೆಲವು ಮನೋರೋಗದ ಔಷಧಗಳು ಹೃದಯದ ಲಯ ಕೆಡಿಸಬಲ್ಲವು. ಕುಡಿದು ಬಿದ್ದ ಗುರುತಿದ್ದರೆ ತಲೆಯ ಸಿಟಿ ಸ್ಕ್ಯಾನ್. ಗೊಂದಲದಲ್ಲಿರುವ ಕುಡುಕನ ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದನ್ನು ‘ಇನ್ನೂ ಇಳಿದಿಲ್ಲ’ ಎಂದು ಬಿಟ್ಟರೆ ಆಗುವ ಅನಾಹುತಕ್ಕೆ ಪರಿಹಾರವಿಲ್ಲ.

ಇದರ ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವದ ಇಂಜೆಕ್ಷನ್. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರ ಮೈಯಲ್ಲಿ ಇದು ಬಹುಪಾಲು ಬರಿದಾಗಿರುತ್ತದೆ. ಇದಿಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರುಪಾರು ಥಯಮಿನ್ ಅದನ್ನು ಕರಗಿಸಲು ಖರ್ಚಾಗಿ ವರ್ನಿಕೆ ಎಂಬ ಮಿದುಳಿನ ತೊಂದರೆ ತಲೆದೋರಬಹುದು. ಕಣ್ಣುಗುಡ್ಡೆ ಸರಿಯಾಗಿ ಹೊರಳದು, ನಡಿಗೆ ತೂರಾಡುತ್ತದೆ, ಬುದ್ಧಿ ಮಂಕಾಗುತ್ತದೆ. ಈ ಮೂರನ್ನೂ ನೋಡಿದವರು ಅಮಲು ಎಂದೇ ತಿಳಿಯುತ್ತಾರೆ. ತಡವಾದರೆ ಹೊಸ ನೆನಪು ನಿಲ್ಲದ ಶಾಶ್ವತ ಮರೆವು ಉಳಿದುಬಿಡಬಹುದು. ಪಕ್ಕದ ಕ್ಲಿನಿಕ್ಕಿನ ಆ ಗ್ಲೂಕೋಸ್ ಬಾಟಲಿಯ ಬಗ್ಗೆ ನನಗೆ ಕಳವಳ ಇರುವುದು ಈ ಕಾರಣಕ್ಕೆ. ಸಕ್ಕರೆ ಇಳಿದಿದ್ದರೆ ಗ್ಲೂಕೋಸ್ ಬೇಕೇ ಬೇಕು, ಆದರೆ ಥಯಮಿನ್ ಜೊತೆಯಲ್ಲಿರಬೇಕು.

ಇಳಿಸುವ ಮಾತ್ರೆ ಎಂದು ವಾರ್ಡಿನಲ್ಲಿ ಕರೆಯುವುದು ಬೆಂಜೋಡಯಾಜೆಪೀನ್ ಗುಂಪಿನ ಔಷಧಗಳನ್ನು. ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಮುಖ್ಯವಾದವು. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಮದ್ಯ ಕೆಲಸ ಮಾಡುತ್ತಿದ್ದ ಗಾಬಾ ವ್ಯವಸ್ಥೆಯ ಮೇಲೆಯೇ ಇವೂ ಕೆಲಸ ಮಾಡುತ್ತವೆ. ಮೊದಲ ದಿನ ಸಾಕಷ್ಟು ಕೊಟ್ಟು, ದಿನದಿನಕ್ಕೆ ತಗ್ಗಿಸುತ್ತಾ 5ರಿಂದ 10 ದಿನದಲ್ಲಿ ಪೂರ್ತಿ ನಿಲ್ಲಿಸುತ್ತಾರೆ. ಎಷ್ಟು ಕೊಡಬೇಕೆಂದು ತಿಳಿಯಲು ಕೆನಡಾದಲ್ಲಿ ರೂಪುಗೊಂಡು 1989ರಲ್ಲಿ ಈಗಿನ ಆಕಾರ ಪಡೆದ ಸಿವಾ ಎಂಬ ಅಂಕಪಟ್ಟಿ ಇದೆ. ಹತ್ತು ಅಂಶ, ಗರಿಷ್ಠ 67 ಅಂಕ. ನರ್ಸ್ ಬಂದು ಎರಡೂ ಕೈ ಮುಂದಕ್ಕೆ ಚಾಚಿ ಬೆರಳು ಅಗಲಿಸಲು ಹೇಳುತ್ತಾರೆ. ನಡುಕ ಕಣ್ಣಿಗೆ ಕಾಣದಿದ್ದರೆ ತಮ್ಮ ಬೆರಳತುದಿಯನ್ನು ರೋಗಿಯ ಬೆರಳತುದಿಗೆ ತಾಗಿಸಿ ನೋಡುತ್ತಾರೆ, ಅಲ್ಲಿ ಸಣ್ಣ ಕಂಪನ ಸಿಕ್ಕರೆ 1 ಅಂಕ. ಹಣೆಯ ಬೆವರು, ವಾಕರಿಕೆ, ತಲೆಭಾರ, ಆತಂಕ, ಚಡಪಡಿಕೆ, ಮೈಮೇಲೆ ಏನೋ ಹರಿದಂತಾಗುವುದು, ಕಿವಿಗೆ ಕೇಳುವುದು, ಕಣ್ಣಿಗೆ ಕಾಣುವುದು, ಇವತ್ತು ಯಾವ ತಾರೀಖು ಎಂಬುದು, ಹೀಗೆ ಒಂದೊಂದಕ್ಕೂ ಅಂಕ.

ಮನೋರೋಗ ಜೊತೆಗಿದ್ದರೆ ಈ ಪಟ್ಟಿ ಕೈಕೊಡುತ್ತದೆ. ಆತಂಕದ ಕಾಯಿಲೆ ಇದ್ದವನು ಕುಡಿಯದೇ ಇದ್ದರೂ ಆತಂಕದ ಅಂಶದಲ್ಲಿ 5 ಅಂಕ ಪಡೆಯುತ್ತಾನೆ. ಲಿಥಿಯಂ, ವಾಲ್‌ಪ್ರೊಯೇಟ್ ತೆಗೆದುಕೊಳ್ಳುವವರ ಬೆರಳು ಹೇಗೂ ನಡುಗುತ್ತವೆ. ಸ್ಕಿಜೋಫ್ರೇನಿಯಾದ ಧ್ವನಿಗಳಿಗೂ ಅಂಕ ಬೀಳುತ್ತದೆ. ಬರೀ ಮೊತ್ತ ನೋಡಿ ಮಾತ್ರೆ ಏರಿಸುತ್ತಾ ಹೋದರೆ ರೋಗಿ ಅಗತ್ಯಕ್ಕಿಂತ ಹೆಚ್ಚು ಮಂಪರಿಗೆ ಜಾರಿ ಉಸಿರಾಟಕ್ಕೇ ತೊಂದರೆಯಾದೀತು. ಇನ್ನೊಂದು ಕಡೆಯ ತಪ್ಪೂ ಉಂಟು. ‘ಇವನಿಗೆ ಮೊದಲೇ ತಲೆ ಸರಿಯಿಲ್ಲ’ ಎಂದುಕೊಂಡು ನಿಜವಾದ ಡೆಲಿರಿಯಂ ಅನ್ನು ಹಳೆಯ ಕಾಯಿಲೆಯ ಖಾತೆಗೆ ಹಾಕಿಬಿಡುವುದು. ಅನುಭವಿ ವೈದ್ಯರು ನಾಡಿ, ಬಿಪಿ, ಜ್ವರ, ಬೆವರು, ದಿನ-ಸ್ಥಳದ ಅರಿವು ಇವಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ, ರೋಗಿ ಮೊದಲು ಹೇಗಿದ್ದ ಎಂದು ಮನೆಯವರನ್ನು ಮತ್ತೆ ಮತ್ತೆ ಕೇಳುತ್ತಾರೆ. ‘ಈ ಬೈಗುಳ ಅವನಿಗೆ ಯಾವಾಗಲೂ ಕೇಳುತ್ತೆ, ಆದರೆ ಹುಳ ಕಾಣೋದು ಹೊಸದು’ ಎಂದು ಹೆಂಡತಿ ಹೇಳುವ ಒಂದು ಮಾತು ಆ ಇಡೀ ಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಡೆಲಿರಿಯಂನಲ್ಲಿ ಅರಿವೇ ಕದಡಿರುತ್ತದೆ, ಕತ್ತಲಾದಂತೆ ಜೋರಾಗುತ್ತದೆ, ಹೆಚ್ಚಾಗಿ ಕಣ್ಣಿಗೆ ಕಾಣುತ್ತದೆ: ಇರುವೆ, ಹಾವು, ಹೊಗೆ. ಲಾರಿ ಚಾಲಕ ಹಾಸಿಗೆಯ ಮೇಲೆ ಕುಳಿತು ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಾನೆ, ದರ್ಜಿ ಹೊದಿಕೆಯ ಅಂಚು ಹಿಡಿದು ಹೊಲಿಯುತ್ತಾನೆ. ಸ್ಕಿಜೋಫ್ರೇನಿಯಾದಲ್ಲಿ ಸಾಮಾನ್ಯವಾಗಿ ಅರಿವು ತಿಳಿಯಾಗಿರುತ್ತದೆ, ಇದು ಯಾವ ಊರು, ಎದುರಿಗಿರುವವರು ಯಾರು ಎಂಬುದು ಗೊತ್ತಿರುತ್ತದೆ, ಧ್ವನಿ ಮಾತ್ರ ಕೇಳುತ್ತದೆ. ಇವೆರಡರ ನಡುವೆ ಮೂರನೆಯದೂ ಇದೆ. ದೀರ್ಘಕಾಲದ ಕುಡಿತದಿಂದಲೇ, ಅರಿವು ಚೆನ್ನಾಗಿರುವಾಗಲೇ ಧ್ವನಿ ಕೇಳುವ ಸ್ಥಿತಿ. ಅದು ಬಹಳ ಜನರಲ್ಲಿ ಕುಡಿತ ನಿಂತ ಕೆಲ ದಿನ, ವಾರಗಳಲ್ಲಿ ಅಡಗುತ್ತದೆ.

ಔಷಧಗಳ ಜಗಳವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕೂಗಾಡುವ ರೋಗಿಯನ್ನು ಮಲಗಿಸಲು ಕ್ಲೋರ್‌ಪ್ರೊಮಜಿನ್‌ನಂಥ ಹಳೆಯ ಮನೋರೋಗದ ಇಂಜೆಕ್ಷನ್ ಕೊಟ್ಟುಬಿಡುವ ರೂಢಿ ಒಂದು ಕಾಲಕ್ಕೆ ಇತ್ತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆಸಿ 1969ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಕ್ಲೋರ್‌ಡಯಾಜೆಪಾಕ್ಸೈಡ್ ಪಡೆದವರಿಗೆ ಫಿಟ್ಸ್ ಬಂದದ್ದು ತೀರಾ ಕಡಿಮೆ, ಕ್ಲೋರ್‌ಪ್ರೊಮಜಿನ್ ಪಡೆದವರಿಗೆ ಹೆಚ್ಚು. ಭ್ರಮೆ ತಗ್ಗಿಸುವ ಔಷಧಗಳು ಮಿದುಳಿನ ಫಿಟ್ಸ್ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಅದಕ್ಕೆ ಈಗ ಬೆಂಜೋಡಯಾಜೆಪೀನ್ ಮೊದಲು, ಅದರ ಬೆಂಬಲದೊಂದಿಗೆ ಮಾತ್ರ ಅಗತ್ಯವಿದ್ದಷ್ಟು ಹ್ಯಾಲೊಪೆರಿಡಾಲ್‌ನಂಥದ್ದು. ಹಾಗೆಂದು ಮೊದಲಿಂದ ತೆಗೆದುಕೊಳ್ಳುತ್ತಿದ್ದ ಸ್ಕಿಜೋಫ್ರೇನಿಯಾ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವುದೂ ಸರಿಯಲ್ಲ. ಡೀಟಾಕ್ಸ್ ಮುಗಿಯುವ ಹೊತ್ತಿಗೆ ಹಳೆಯ ಕಾಯಿಲೆ ಹೆಡೆ ಎತ್ತಿರುತ್ತದೆ.

ಲಿಥಿಯಂ ವಿಷಯ ಇನ್ನೂ ಸೂಕ್ಷ್ಮ. ವಾಂತಿ, ಭೇದಿ, ಬೆವರಿನಿಂದ ದೇಹದ ನೀರು ಇಳಿದಾಗ ಕಿಡ್ನಿ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಡುತ್ತದೆ, ಅದೇ ಮಾತ್ರೆ ವಿಷದ ಮಟ್ಟ ಮುಟ್ಟುತ್ತದೆ. ದಪ್ಪನೆಯ ನಡುಕ, ತೊದಲು ಮಾತು, ತೂರಾಟ ಇವು ಅದರ ಲಕ್ಷಣ. ಕುಡಿತ ಬಿಟ್ಟಾಗಿನ ನಡುಕವೆಂದು ಇದನ್ನು ತಪ್ಪು ತಿಳಿಯುವುದು ಬಹಳ ಸುಲಭ, ಹಾಗಾಗಿ ರಕ್ತದಲ್ಲಿ ಲಿಥಿಯಂ ಮಟ್ಟ ನೋಡಲೇಬೇಕು. ಇನ್ನು ಬೀಡಿ, ಸಿಗರೇಟು. ತಂಬಾಕಿನ ಹೊಗೆ ಕ್ಲೋಜಪಿನ್, ಒಲಾಂಜಪಿನ್ ಔಷಧಗಳನ್ನು ಲಿವರ್ ಬೇಗ ಕರಗಿಸುವಂತೆ ಮಾಡುತ್ತದೆ. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದವರು ವಾರ್ಡಿನಲ್ಲಿ ಬೀಡಿ ಸಿಗದೆ ನಿಲ್ಲಿಸಿದರೆ, ಅಷ್ಟೇ ಪ್ರಮಾಣದ ಕ್ಲೋಜಪಿನ್ ರಕ್ತದಲ್ಲಿ ವಾರದೊಳಗೆ ಏರಿ ಮಂಪರು, ಜೊಲ್ಲು, ಫಿಟ್ಸ್ ತನಕ ಹೋಗಬಹುದು. ಬೀಡಿಯ ಲೆಕ್ಕವನ್ನೂ ವೈದ್ಯರಿಗೆ ಹೇಳಿ ಎನ್ನುವುದು ಇದಕ್ಕೆ.

ಕುಡಿತದಿಂದ ಖಿನ್ನತೆ ಬಂತೋ, ಖಿನ್ನತೆಯಿಂದ ಕುಡಿತ ಬಂತೋ? ಮೊದಲ ವಾರದಲ್ಲಿ ಇದಕ್ಕೆ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಬ್ರೌನ್ ಮತ್ತು ಶುಕಿಟ್ ಎಂಬ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಿತದ ಚಿಕಿತ್ಸೆಗೆ ದಾಖಲಾದ ಗಂಡಸರ ಪೈಕಿ ಶೇ 42ರಷ್ಟು ಜನರಲ್ಲಿ ಗಣನೀಯ ಖಿನ್ನತೆ ಇತ್ತು. ಕುಡಿಯದೆ ನಾಲ್ಕು ವಾರ ಕಳೆದಾಗ ಉಳಿದದ್ದು ಶೇ 6ರಲ್ಲಿ ಮಾತ್ರ. ಹಾಗಾಗಿ ಹೊಸದಾಗಿ ಕಂಡ ಖಿನ್ನತೆಗೆ ಮೂರು-ನಾಲ್ಕು ವಾರ ಕಾದು ಹೆಸರಿಡುವುದು ವಾಡಿಕೆ. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ಸಾಯುವ ಯೋಚನೆ ಇದ್ದರೆ, ಹಿಂದೆ ಖಿನ್ನತೆಗೆ ಚಿಕಿತ್ಸೆ ಆಗಿದ್ದರೆ, ಕುಡಿತ ಶುರುವಾಗುವ ಮೊದಲೇ ಕಾಯಿಲೆ ಇದ್ದರೆ ಚಿಕಿತ್ಸೆಯನ್ನು ಮುಂದೂಡುವಂತಿಲ್ಲ.

ಇಲ್ಲಿ ನಮ್ಮ ಕಡೆಯ ವೈದ್ಯರಿಗೆ ಸಿಗುವ ಒಂದು ಒಳ್ಳೆಯ ಸುಳಿವೆಂದರೆ ಅಯ್ಯಪ್ಪ ಮಾಲೆ. ವರ್ಷವಿಡೀ ಕುಡಿಯುವ ಎಷ್ಟೋ ಗಂಡಸರು ಮಾಲೆ ಹಾಕಿದರೆ ಒಂದು ಹನಿ ಮುಟ್ಟುವುದಿಲ್ಲ. ಪೂರ್ತಿ ವ್ರತ 41 ದಿನ, ಖಿನ್ನತೆ ಯಾವುದೆಂದು ತಿಳಿಯಲು ಬೇಕಾದ ಅವಧಿಗಿಂತ ಹೆಚ್ಚೇ. ‘ಮಾಲೆ ಹಾಕಿದ್ದಾಗ ಅನುಮಾನ, ಬೇಸರ, ನಿದ್ದೆಗೇಡು ಇತ್ತಾ?’ ಎಂಬ ಪ್ರಶ್ನೆಗೆ ‘ಇಲ್ಲ, ಆಗ ಬಂಗಾರದಂಥ ಮನುಷ್ಯ’ ಎಂದು ಉತ್ತರ ಬಂದರೆ ಒಂದು ದಾರಿ, ‘ಆಗಲೂ ರೂಮು ಬಿಟ್ಟು ಬರ್ತಿರಲಿಲ್ಲ’ ಎಂದರೆ ಇನ್ನೊಂದು ದಾರಿ. ಶ್ರಾವಣದಲ್ಲಿ ಬಿಡುವವರು, ಹರಕೆ ಹೊತ್ತವರು ಎಲ್ಲರ ವಿಷಯದಲ್ಲೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಭಾರೀ ಕುಡಿತದವರು ಮಾಲೆ ಹಾಕುವ ಮೊದಲೇ ವೈದ್ಯರನ್ನು ಕಂಡು, ಇಳಿಸುವ ಮಾತ್ರೆಯ ರಕ್ಷಣೆಯಲ್ಲಿ ಬಿಡುವುದು ಕ್ಷೇಮ. ಮದ್ಯವರ್ಜನ ಶಿಬಿರಕ್ಕೆ ಹೋಗುವವರಿಗೂ ಇದೇ ಮಾತು. ಊರವರ ಆಸರೆಯಿಂದ ಬದುಕು ಕಟ್ಟಿಕೊಂಡವರು ಬಹಳ ಜನ ಇದ್ದಾರೆ, ಆದರೆ ಹಿಂದೆ ಫಿಟ್ಸ್ ಬಂದವರು, ಮನೋರೋಗದ ಮಾತ್ರೆ ನುಂಗುವವರು ವೈದ್ಯಕೀಯ ತಪಾಸಣೆ ಆಗದೆ ಹೋಗಬಾರದು.

ಬೇರೆ ಚಟಗಳ ಕಥೆ ಬೇರೆ. ಗಾಂಜಾ ಬಿಟ್ಟರೆ ನಿದ್ದೆ ಕೆಡುತ್ತದೆ, ಸಿಡುಕು ಹೆಚ್ಚುತ್ತದೆ, ಫಿಟ್ಸ್ ಬರುವುದಿಲ್ಲ. ಅಲ್ಲಿ ಚಿಕಿತ್ಸೆಯ ಭಾರವೆಲ್ಲ ಮನಸ್ಸಿನ ಕಡೆಗೇ. ಹೆರಾಯಿನ್, ಟ್ರಮಡಾಲ್, ಟಪೆಂಟಡಾಲ್‌ನಂಥವು ಬಿಟ್ಟಾಗ ಮೈಕೈ ನೋವು, ಭೇದಿ, ನಿದ್ರೆಯಿಲ್ಲದ ನರಕ, ಆದರೆ ಜೀವಕ್ಕೆ ಅಪಾಯ ಹೆಚ್ಚಿರುವುದು ಬಿಟ್ಟ ನಂತರ. ದೇಹದ ತಾಳಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಅದಕ್ಕೆ ಇವರಲ್ಲಿ ಬರೀ ಡೀಟಾಕ್ಸ್ ಮಾಡಿ ಮನೆಗೆ ಕಳಿಸುವುದು ಅಪಾಯ, ಬ್ಯುಪ್ರೆನಾರ್ಫಿನ್‌ನಂಥ ಔಷಧವನ್ನು ತಿಂಗಳುಗಟ್ಟಲೆ ಮುಂದುವರಿಸುವುದೇ ಮೇಲು. ವರ್ಷಗಟ್ಟಲೆ ನಿದ್ದೆ ಮಾತ್ರೆ ನುಂಗಿದವರು ಅದನ್ನು ಒಂದೇ ದಿನ ಬಿಟ್ಟರೆ ಮದ್ಯದಂತೆಯೇ ಫಿಟ್ಸ್ ಬರಬಹುದು. ಅದನ್ನು ವಾರ, ತಿಂಗಳುಗಳಲ್ಲಿ ಇಳಿಸಬೇಕು.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮನೋಚೈತನ್ಯ ಕಾರ್ಯಕ್ರಮ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋವೈದ್ಯ ಕ್ಲಿನಿಕ್ ತಂದಿತು. ಫೋನಿನಲ್ಲಿ ಮಾತಾಡಲು ಟೆಲಿ ಮನಸ್ 14416, ವ್ಯಸನ ಸಹಾಯವಾಣಿ 14446, ಎರಡೂ ಉಚಿತ. ಫಿಟ್ಸ್, ಜ್ವರ, ಗುರುತು ಹಿಡಿಯದಿರುವುದು, ರಕ್ತವಾಂತಿ ಇದ್ದರೆ ಫೋನಿಗೆ ಕಾಯದೆ ನೇರ ತುರ್ತು ವಿಭಾಗಕ್ಕೆ. ಮನೋವೈದ್ಯರೂ ಜನರಲ್ ಮೆಡಿಸಿನ್ ವೈದ್ಯರೂ ಒಂದೇ ಸೂರಿನಡಿ ಇರುವ ಆಸ್ಪತ್ರೆ ಇಂಥವರಿಗೆ ಎಲ್ಲಕ್ಕಿಂತ ಸೂಕ್ತ. ‘ಮೊದಲು ಕುಡಿತ ಬಿಟ್ಟು ಬನ್ನಿ, ಆಮೇಲೆ ತಲೆ ನೋಡ್ತೀವಿ’ ಎಂದು ಒಬ್ಬರು, ‘ಮೊದಲು ತಲೆ ಸರಿ ಮಾಡಿಸಿ, ಆಮೇಲೆ ಇಲ್ಲಿಗೆ ಬನ್ನಿ’ ಎಂದು ಇನ್ನೊಬ್ಬರು ಅಟ್ಟಿದರೆ ಆ ಕುಟುಂಬ ನಡುಬೀದಿಯಲ್ಲಿ ನಿಲ್ಲುತ್ತದೆ. ಎರಡನ್ನೂ ಒಂದೇ ತಂಡ, ಒಂದೇ ಕಾಲಕ್ಕೆ ನೋಡಬೇಕು.

ಬೋರ್ಡು ಹಾಕಿಕೊಂಡ ಪ್ರತಿಯೊಂದು ವ್ಯಸನಮುಕ್ತಿ ಕೇಂದ್ರದಲ್ಲೂ ವೈದ್ಯರಿರುವುದಿಲ್ಲ. ರಾತ್ರಿ ಪಾಳಿಯಲ್ಲಿ ನರ್ಸ್ ಇದ್ದಾರೆಯೇ, ಫಿಟ್ಸ್ ಬಂದರೆ ಏನು ಮಾಡುತ್ತೀರಿ, ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ನೋಂದಣಿ ಎಲ್ಲಿದೆ ಎಂದು ಕೇಳಿ, ಉತ್ತರ ತಡವರಿಸಿದರೆ ಎದ್ದು ಬನ್ನಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತುವಿನಿಂದಾದ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಪ್ತಿಗೆ ತಂದಿದೆ. ಸರಪಳಿ ಹಾಕುವುದು ಆ ಕಾಯ್ದೆಯಲ್ಲಿ ನಿಷಿದ್ಧ. ಒಪ್ಪಿ ದಾಖಲಾದವರಿಗೆ ಹೊರಹೋಗುವ ಹಕ್ಕಿದೆ. ತೀರ್ಮಾನಿಸುವ ಸ್ಥಿತಿಯಲ್ಲಿಲ್ಲದವರನ್ನು ದಾಖಲಿಸಲು ಕಟ್ಟುನಿಟ್ಟಿನ ಕ್ರಮವಿದೆ, ಆ ದಾಖಲಾತಿಗೆ ಮೊದಲ ಬಾರಿಗೆ 30 ದಿನಗಳ ಮಿತಿಯಿದೆ. ಆರೋಗ್ಯ ವಿಮೆ ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ಸಿಗಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಕಾಫಿಯಲ್ಲಿ, ಸಾರಿನಲ್ಲಿ ಬೆರೆಸಿ ಕೊಡುವ ‘ಕುಡಿತ ಬಿಡಿಸುವ ಪುಡಿ’ಯ ಬಗ್ಗೆ ಎಚ್ಚರವಾಗಿರಿ. ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆಯನ್ನು ಗುಟ್ಟಾಗಿ ಕೊಡಲು ವೈದ್ಯರನ್ನೇ ಬೇಡುವ ಮನೆಯವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಗೊತ್ತಿಲ್ಲದೆ ಅದರ ಮೇಲೆ ಕುಡಿದವರ ಬಿಪಿ ಕುಸಿದು ಜೀವ ಹೋಗಬಹುದು. ಆ ಔಷಧದ ಪರಿಣಾಮ ಎರಡು ವಾರದವರೆಗೆ ಉಳಿಯಬಹುದು. ಜೊತೆಗೆ ಅದು ಮಿದುಳಿನಲ್ಲಿ ಡೋಪಮಿನ್ ಹೆಚ್ಚಿಸುವುದರಿಂದ ಸ್ಕಿಜೋಫ್ರೇನಿಯಾ ಇದ್ದವರ ಭ್ರಮೆಗಳನ್ನು ಕೆರಳಿಸಬಲ್ಲದು.

ಹತ್ತು ದಿನವಾದ ಮೇಲೆ ನಡುಕ ನಿಂತು, ಹಸಿವು ಬಂದು, ಮುಖದಲ್ಲಿ ಕಳೆ ಕಂಡಾಗ ‘ಸರಿಹೋದ, ಮನೆಗೆ ಕರ್ಕೊಂಡು ಹೋಗ್ತೀವಿ’ ಎನ್ನುವುದು ಸಹಜ. ಆಗ ಮುಗಿದಿರುವುದು ದೇಹದ ಪಾಲು ಮಾತ್ರ. ಮತ್ತೆ ಕುಡಿಯುವ ಸೆಳೆತ ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳಿವೆ. ಮೊದಲನೆಯದಕ್ಕೆ ಲಿವರ್, ಎರಡನೆಯದಕ್ಕೆ ಕಿಡ್ನಿ ಹೇಗಿದೆಯೆಂದು ನೋಡಿ ಆಯ್ಕೆ ಮಾಡುತ್ತಾರೆ. ಆಪ್ತಸಮಾಲೋಚನೆ, ಮನೋರೋಗದ ಔಷಧದ ಹೊಂದಾಣಿಕೆ ತಿಂಗಳುಗಳ ಕೆಲಸ. ಬಿಡುಗಡೆಯ ಚೀಟಿಯಲ್ಲಿ ಇಳಿಸುವ ಮಾತ್ರೆ ಯಾವ ತಾರೀಖಿಗೆ ಪೂರ್ತಿ ನಿಲ್ಲಬೇಕೆಂದು ಇರಲಿ, ಇಲ್ಲದಿದ್ದರೆ ಅದೇ ಹೊಸ ಚಟವಾಗುತ್ತದೆ. ಒಂದು ವಾರದೊಳಗಿನ ಮರುಭೇಟಿಯ ದಿನ ಬರೆಸಿಕೊಳ್ಳಿ. ಮಾತ್ರೆಗಳನ್ನು, ಮುಖ್ಯವಾಗಿ ಲಿಥಿಯಂ ಅನ್ನು, ಮನೆಯಲ್ಲಿ ಇನ್ನೊಬ್ಬರು ಇಟ್ಟುಕೊಂಡು ದಿನದ ಪಾಲು ಕೊಡಲಿ. ಕುಡಿದ ದಿನ ಯಾವ ಮಾತ್ರೆಯೂ ಬೇಡ ಎಂಬುದು ನಮ್ಮಲ್ಲಿ ಹಬ್ಬಿರುವ ರೂಢಿ. ಹೀಗೆ ಮತ್ತೆ ಕುಡಿಯತೊಡಗಿದವರ ಮನೋರೋಗದ ಔಷಧ ವಾರಗಟ್ಟಲೆ ತಪ್ಪಿ, ಎರಡೂ ಕಾಯಿಲೆ ಒಟ್ಟಿಗೆ ಮರುಕಳಿಸುತ್ತವೆ. ಮಂಪರು ತರುವ ಯಾವ ಮಾತ್ರೆಯನ್ನು ಅಂದು ಬಿಡಬೇಕು, ಏನೇ ಆದರೂ ಯಾವುದನ್ನು ತಪ್ಪಿಸಲೇಬಾರದು ಎಂದು ವೈದ್ಯರಿಂದ ಕೇಳಿ, ಅದೇ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡು ಹೊರಡಿ.